ನೀರಿನ ಗೆರೆ

ಯಶವಂತಪುರ ಸ್ಟೇಶನ್ನಿನ ಹಳದಿ ಬೋರ್ಡು ಓದಿ ಬಂದಿದ್ದಾಳೆ ಸಿಸಿಲಿ.
ಸಮುದ್ರ ನಮಗಿಂತ ಒಂಬೈನೂರು ಚಿಲ್ಲರೆ ಮೀಟರು ಕೆಳಗಂತೆ.
"ಅಷ್ಟೂ ಇಳೀಬೇಕಾ ಅಮ್ಮ?"
ಇಳಿಸುತ್ತದೆ ಲಾರಿ, ಶಿರಾಡಿ ಘಾಟಿಯಲ್ಲಿ, ಸಂಕ್ರಾಂತಿ ಕಳೆದ ಮೇಲೆ.
ಅಲ್ಲಿಯವರೆಗೆ ಅಂದ್ರಹಳ್ಳಿಯ ಈ ಶೆಡ್ಡು,
ಶೆಡ್ಡಿನಲ್ಲಿ ಹತ್ತು ಕಬ್ಬಿಣದ ಕಾಲುಗಳ ಮೇಲೆ
ಮೂವತ್ತೊಂದು ಅಡಿಯ ಹಾಯಿದೋಣಿ,
ಅದರ ಹೊಟ್ಟೆಯಲ್ಲಿ ನಾವು ನಾಲ್ವರು.

ಗ್ಯಾಸಿನ ಹುಡುಗ ಏಣಿಯ ಬುಡದಲ್ಲಿ ನಿಂತು ಕೂಗುತ್ತಾನೆ:
"ದೋಣಿಯೋರೇ, ಓಟಿಪಿ!"

ನೀರಿನ ಟ್ಯಾಂಕು, ಪಾರ್ಕಿನ ಜಾರುಬಂಡೆ, ಮದುವೆ ಛತ್ರದ ಬಾಗಿಲಿಗೆ ಆನೆ,
ಇಪ್ಪತ್ತು ವರ್ಷ ಊರಿಗೆಲ್ಲ ಫೈಬರು ಹೊಯ್ದ ಚೌರಿ
ಕೊನೆಗೆ ತನಗೂ ಒಂದು ಹೊಯ್ದುಕೊಂಡ.
ಹಾಯಿ ನನ್ನದು.
ಗಾರ್ಮೆಂಟ್ಸಿನಲ್ಲಿ ಹದಿನಾಲ್ಕು ವರ್ಷ ಬರೀ ಕಾಲರು ಹೊಲಿದ ಕೈ,
ಗಾಳಿಯ ಕತ್ತಿನ ಅಳತೆ ಯಾರೂ ಹೇಳಿಕೊಟ್ಟಿರಲಿಲ್ಲ.

ಈಗ ಅಭ್ಯಾಸ. ದಿನಕ್ಕೆ ತಲೆಗೆ ಮೂರು ಲೀಟರು ನೀರು.
ಟ್ಯಾಂಕರು ಬಾರದ ಮಾರ್ಚಿನಲ್ಲಿ
ಇದಕ್ಕಿಂತ ಕಡಿಮೆಗೆ ಸಂಸಾರ ತೂಗಿಸಿದವಳಿಗೆ ಕಲಿಸುತ್ತಾನೆ!
ದೋಣಿಗೆ ಆಶೀರ್ವಾದ ಮಾಡಲು ಬಂದ ಫಾದರ್ ಧಾರಾಳವಾಗಿ ಚಿಮುಕಿಸಿದರು.
"ಅದು ಯಾರ ಲೆಕ್ಕಕ್ಕೆ?" ಅಂದ ಇನ್ನಾಸಿ.

ಅವರೆಕಾಯಿ ಕಾಲ. ಶೆಡ್ಡಿನ ತಗಡಿನ ಮೇಲೆ
ಹಿಚುಕಿದ ಬೇಳೆ ಒಣಗುತ್ತಿದೆ, ಇಪ್ಪತ್ತೆಂಟು ದಿನದ ಸಾರಿಗೆ.
ಸೇಶೆಲ್ಸಿನವರಿಗೆ ಸೊಗಡು ಗೊತ್ತೋ ಇಲ್ಲವೋ.

ರಾತ್ರಿ ಮೂರು ಮೂರು ಗಂಟೆಯ ಪಾಳಿ.
ಪೀಣ್ಯದ ಪಕ್ಕದವರಿಗೆ ಪಾಳಿ ಹೊಸದೇನಲ್ಲ.
ಸಿಸಿಲಿಯ ಪೆನ್ಸಿಲು ಲಾಗ್ ಪುಸ್ತಕದಲ್ಲಿ:
"ಹತ್ತೂವರೆ. ಗಾಳಿ ಈಶಾನ್ಯ. ಕಂಡ ಹಡಗು: ಒಂದು ಸಿಮೆಂಟ್ ಲಾರಿ.
ನಾಯಿಗಳು ಎಡಕ್ಕೆ ಹೋದವು. ಅಪ್ಪ ಗೊರಕೆ."
ನನ್ನ ಪಾಳಿಗೆ ನಾನು ದಿನಾ ಬರೆಯುವುದು ಎರಡೇ ಪದ:
ಎಲ್ಲ ಸರಿ.

ನಿನ್ನೆ ಗೆರೆ ಎಳೆಯುವ ದಿನ.
ನೀರು ಎಲ್ಲಿಗೆ ಬಂದು ನಿಲ್ಲುತ್ತದೋ ಅಲ್ಲಿಗೊಂದು ನೀಲಿ ಗೆರೆ,
ನೀರೇ ಇಲ್ಲದ ಕಡೆ.
ಅದಕ್ಕೆ ಸಕಲದ ತೂಕ ಬೇಕು.
ಗುಜರಿ ರಹಮತ್‌ನ ತಕ್ಕಡಿ ಬಂತು. ಲಂಗರು ಹದಿನಾರು ಕಿಲೋ.
ಇನ್ನಾಸಿ ಇಪ್ಪತ್ತೆರಡು, ಜೇಬಿನ ಗೋಲಿ ಸೇರಿ.
ನಾನು ಹತ್ತಿದಾಗ ಮೂವರೂ ಬಗ್ಗಿ ನೋಡಿದರು. ಎಷ್ಟೆಂದು ಹೇಳುವುದಿಲ್ಲ.
ರಾಗಿ ಡಬ್ಬ ಎಂಟೂಕಾಲು.

ಆ ಡಬ್ಬದ ತಳದಲ್ಲಿ ಇಪ್ಪತ್ತು ಸಾವಿರ.
ಮನೆ ಓನರು ವಾಪಸು ಕೊಟ್ಟ ಅಡ್ವಾನ್ಸು ಒಂದು ಲಕ್ಷ,
ನಾನು ಹೇಳಿದ್ದು ಎಂಬತ್ತು.
ಬೇಡವಾದರೆ ಬಸ್ಸು ಹತ್ತಿ ಬರೋಣ ಅಂತ ಎತ್ತಿಟ್ಟಿದ್ದೆ.
ಸಮುದ್ರಕ್ಕೆ ಬಸ್ಸಿಲ್ಲ ಅಂತ ಹೊಳೆದದ್ದು ಆಮೇಲೆ.
ಹೇಗೋ, ಲೆಕ್ಕದಲ್ಲಿ ಬಂತು ಅದೂ, ರಾಗಿಯಾಗಿ.

ಕೂಡಿಸಿದ, ಭಾಗಿಸಿದ, ಟೇಪು ಅಂಟಿಸಿದ,
ಆಮೇಲೆ ಟೇಪು ಕಿತ್ತು ಎರಡು ಬೆರಳು ಮೇಲಕ್ಕೆ ಹಚ್ಚಿದ.
"ಇದ್ಯಾಕೆ?"
"ಲೆಕ್ಕಕ್ಕೆ ಸಿಗದ್ದು ಇರ್ತದಲ್ಲ. ನಿಂದೂ, ನಂದೂ."
"ನಿಂದೇನು?"
ಬ್ರಶ್ಶನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಬಹಳ ಹೊತ್ತು ತೊಳೆದ.

ರಾತ್ರಿ ನನ್ನ ಪಾಳಿ. ಮೆಟ್ರೋ ನಿಂತು ಊರು ತೆಪ್ಪಗೆ.
ಎಲ್ಲ ಸರಿ ಬರೆದೆ. ಅದರ ಕೆಳಗೆ,
ಕೈ ಯಾಕೆ ಹೋಯಿತೋ, ಬರೆದೆ:
ನನಗೆ ಈಜು ಬರೋದಿಲ್ಲ.
ಅವನನ್ನು ಎಬ್ಬಿಸಿ, ಕಂಬಳಿಯ ಬಿಸಿ ಆರುವ ಮೊದಲೇ ಹೊದ್ದು ಮಲಗಿದೆ.

ಬೆಳಿಗ್ಗೆ ನೋಡಿದರೆ ನನ್ನ ಸಾಲಿನ ಅಡಿಯಲ್ಲಿ
ಕಾರ್ಪೆಂಟರ್ ಪೆನ್ಸಿಲಿನ ದಪ್ಪ ಅಕ್ಷರ:
ನನಗೂ.

ಅದರ ಕೆಳಗೆ ಸಿಸಿಲಿಯದು:
"ಆರಕ್ಕೆ ಹತ್ತು ನಿಮಿಷ. ಟ್ಯಾಂಕರ್ ಬಂತು."